ದಾಸವಾಳಕ್ಕೆ ಬಿಟ್ಟ ಬಿಳಿ ಹುಳ

ಮಂಗಸೂಳಿ
28 ಜುಲೈ 2024, ಭಾನುವಾರ

ಸುಗಂಧಾಗೆ ಅಕ್ಕ ರೂಪಾಲಿಯ ಜೈ ಜಿನೇಂದ್ರ.

ಇನ್ನು ನಿನ್ನನ್ನು ದೀದಿ ಎಂದು ಕರೆಯಬೇಕಂತೆ, ಅಪ್ಪ ಹೇಳಿದರು. ಮೂಗು ಒರೆಸಿ ಬೆಳೆಸಿದ ತಂಗಿಗೆ ದೀದಿ ಅನ್ನುವುದು ನನ್ನಿಂದ ಆಗದ ಕೆಲಸ. ಬೇಕಾದರೆ ನಿಪ್ಪಾಣಿಯ ನಿಮ್ಮ ಸಂಘದ ಮಾತಾಜಿಯವರಿಗೆ ಚಾಡಿ ಹೇಳು.

ಫೋನು ಬಿಟ್ಟೆ, ಸರಿ. ದೀಕ್ಷೆಯ ದಿನದ ತನಕ ಮನೆಯವರು ಯಾರೂ ನೋಡಲು ಬರಬೇಡಿ ಎಂದು ಹೇಳಿ ಕಳಿಸಿದ್ದೀಯಲ್ಲ, ಅದು ಯಾವ ಶಾಸ್ತ್ರ? ನಿಪ್ಪಾಣಿ ಏನು ಕಾಶಿಯೇ? ಅಪ್ಪ ಮಾತ್ರ ಅದಕ್ಕೂ ಖುಷಿಪಟ್ಟರು. "ನೋಡು, ಈಗ್ಲೇ ಮೋಹ ಬಿಟ್ಟಾಳ ನನ್ನ ಮಗಳು" ಎಂದು ತವರೂರು ಉಗಾರ ಬುದ್ರುಕದ ಬಸದಿಯಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾರೆ. ಅವ್ವ ಹೋದ ಮೇಲೆ ಅವರು ಬಾಯಿ ತುಂಬ ನಕ್ಕದ್ದು, ನೀನು ದೀಕ್ಷೆ ಬೇಕು ಎಂದು ಸಭೆಯಲ್ಲಿ ಎದ್ದು ನಿಂತ ದಿನವೇ. ನವೆಂಬರ್ ಹತ್ತರ ದೀಕ್ಷೆಯ ಮೆರವಣಿಗೆಗೆ ಆನೆ ಹೇಳಿಟ್ಟಿದ್ದಾರೆ.

ನಮ್ಮ ದ್ರಾಕ್ಷಿ ತೋಟಕ್ಕೆ ಹಿಟ್ಟು ತಿಗಣೆ ಬಿದ್ದಿದೆ. ಕಾಂಡದ ಸಿಪ್ಪೆಯ ಒಳಗೆ, ಚಿಗುರೊಡೆಯುವ ಕಣ್ಣಿನ ಹತ್ತಿರ, ಎಲ್ಲಿ ನೋಡಿದರೂ ಹಿಟ್ಟು ಚೆಲ್ಲಿದ ಹಾಗೆ ಬಿಳಿ. ಇವರು ಔಷಧದ ಪಂಪು ತೊಳೆದು ಇಟ್ಟಿದ್ದರು. "ಹೊಡದ್ರ ಎರಡ ದಿನದಾಗ ಸಾಫ್" ಅಂದರು. ನಾನು ಅಡ್ಡ ನಿಂತೆ. ಕಾಲಡಿ ಹುಳು ಸಿಕ್ಕೀತೆಂದು ತ್ಯಾಗಿಗಳು ಮಳೆಗಾಲವೆಲ್ಲ ಒಂದೇ ಊರಲ್ಲಿ ನಿಲ್ಲುತ್ತಾರೆ, ನನ್ನ ತಂಗಿ ಅವರ ನಡುವೆ ಕುಳಿತಿದ್ದಾಳೆ, ಇಲ್ಲಿ ನಾನು ಲಕ್ಷ ಜೀವ ಕೊಲ್ಲಿಸಲೇ? ನಿನ್ನ ದೀಕ್ಷೆಯ ತನಕ ನಮ್ಮ ತೋಟದಲ್ಲಿ ಔಷಧ ಹೊಡೆಯುವುದಿಲ್ಲ ಎಂದು ನಾನೂ ನೇಮ ಹಿಡಿದಿದ್ದೇನೆ.

ಹಾಗಾಗಿ ಆಳು ಕೆಂಪವ್ವನೂ ನಾನೂ ದಿನಾ ಬೆಳಿಗ್ಗೆ ಮೆತ್ತನೆಯ ಕುಂಚದಿಂದ ಹುಳಗಳನ್ನು ಡಬ್ಬಿಗೆ ಉದುರಿಸಿ, ಬೇಲಿಯ ಆಚೆಗಿನ ದಾಸವಾಳದ ಗಿಡಕ್ಕೆ ಬಿಟ್ಟು ಬರುತ್ತೇವೆ. ಎಲ್ಲವೂ ಕೈಗೆ ಸಿಗುವುದಿಲ್ಲ. ಮೈತುಂಬ ಬಿಳಿ ಎಳೆ ಜೋತುಬಿದ್ದ ದೊಡ್ಡವು ಕೆಲವಿವೆ, ಅವು ಬೇಗ ಕಾಣುತ್ತವೆ, ಅವನ್ನೇ ಮೊದಲು ಹಿಡಿಯುತ್ತೇವೆ. ದೊಡ್ಡವು ಹೋದರೆ ಸಂತಾನ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕಾಚಾರ. ನೀನು ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು, ಹೇಗಿದೆ ನನ್ನ ಉಪಾಯ?

ನಿನ್ನ
ರೂಪಾಲಿ

*

ನಿಪ್ಪಾಣಿ
9 ಆಗಸ್ಟ್ 2024

ಅಕ್ಕಾ, ಜೈ ಜಿನೇಂದ್ರ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಆ ದೊಡ್ಡ ಹುಳಗಳು ಕುಂಚ ತಾಗಿದಾಗ ಓಡುತ್ತವೆಯೇ, ಇದ್ದಲ್ಲೇ ಇರುತ್ತವೆಯೇ? ಬೇಡ, ಬರೆಯಬೇಡ. ನಾನು ಕೇಳಬಾರದಿತ್ತು.

ಇಲ್ಲಿ ಮಳೆ ಜೋರು. ಮೊನ್ನೆ ಅಂಗಳ ಗುಡಿಸುವಾಗ ಕಸಬರಿಗೆಯ ಕಡ್ಡಿಯೊಂದು ಮುರಿದು ಗೋಡೆಗೆ ಅಂಟಿಕೊಂಡಿತ್ತು. ತೆಗೆಯಲು ಹೋದರೆ ಅದಕ್ಕೆ ಕಾಲಿದ್ದವು. ಕಡ್ಡಿ ಹುಳ. ಬಿ.ಎಸ್ಸಿ.ಯಲ್ಲಿ ಎಲ್ಲರೂ ಹುಳಗಳನ್ನು ಸೂಜಿಯಿಂದ ಚುಚ್ಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಾಗ ನಾನು ಮಾತ್ರ ಚಿತ್ರ ಬರೆದು ಕೊಟ್ಟಿದ್ದೆ, ನೆನಪಿದೆಯೇ? ಈ ಹುಳ ಅಂದು ಚಿತ್ರಕ್ಕೆ ಸಿಕ್ಕಿರಲಿಲ್ಲ. ಮುಟ್ಟಿದರೂ ಅದು ಅಲ್ಲಾಡುವುದಿಲ್ಲ. ಹಕ್ಕಿ ಪಕ್ಕದಲ್ಲೇ ಕುಳಿತರೂ ಅಲ್ಲಾಡುವುದಿಲ್ಲ. ಅಲ್ಲಾಡಿದರೆ ಕಡ್ಡಿಯಲ್ಲ ಎಂದು ಗೊತ್ತಾಗಿಬಿಡುತ್ತದೆ.

ಬೆಳಿಗ್ಗೆ ಪಾಠಕ್ಕೆ ನಾವೆಲ್ಲ ಸಾಲಾಗಿ ಕೂರುತ್ತೇವೆ. ಎಲ್ಲರದೂ ಬಿಳಿ ಸೀರೆ. ನೋಡಿದವರು ನನ್ನನ್ನೂ ಅವರಲ್ಲಿ ಒಬ್ಬಳೆಂದೇ ತಿಳಿದು ಕೈ ಮುಗಿಯುತ್ತಾರೆ. ನನ್ನ ಜೊತೆ ಕೂತವರಿಗೆ ದೀಕ್ಷೆ ನಿಜವಾಗಿ ಬೇಕಾಗಿದೆ ಅಕ್ಕಾ, ಅವರ ಮುಖದಲ್ಲಿ ಅದು ಕಾಣುತ್ತದೆ. ಇಲ್ಲಿ ಯಾರೂ ನನಗೆ ಒಂದು ಒರಟು ಮಾತು ಆಡಿಲ್ಲ, ಯಾರೂ ಒತ್ತಾಯ ಮಾಡಿಲ್ಲ. ಆದರೆ ನನಗೆ ಭಯವಾಗುತ್ತಿದೆ. ಇದು ನನಗೆ ಬೇಡ ಅನ್ನಿಸುತ್ತಿದೆ. ಅವ್ವ ಹೋದ ದುಃಖದಲ್ಲಿ ಎದ್ದು ನಿಂತೆ, ಅಪ್ಪ ನಕ್ಕರು, ಆಮೇಲೆ ಕೂರಲು ಆಗಲಿಲ್ಲ. ನಿಮ್ಮನ್ನು ಬರಬೇಡಿ ಎಂದದ್ದೂ ಅದಕ್ಕೇ. ಮುಖ ನೋಡಿದರೆ ನಿನಗೆ ಗೊತ್ತಾಗುತ್ತಿತ್ತು.

ಅಪ್ಪನಿಗೆ ಹೇಳಬೇಡ. ಭಾವನವರಿಗೆ, ನಮ್ಮ ದಾಜಿಗೆ, ನಮಸ್ಕಾರ ತಿಳಿಸು.

ಸುಗಂಧಾ

*

ಮಂಗಸೂಳಿ
20 ಆಗಸ್ಟ್ 2024

ಹುಚ್ಚಿ ಸುಗಂಧಾ,

ನಿನ್ನ ಪತ್ರ ಓದಿ ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ಮದುವೆಗೆ ಎಂಟು ದಿನ ಇರುವಾಗ ನಾನೂ ಕಬ್ಬಿನ ಗದ್ದೆಯಲ್ಲಿ ಕೂತು ಅತ್ತಿದ್ದೆ. ಅವ್ವ ಬಂದು, "ಎಲ್ಲಾರಿಗೂ ಅನಸತೈತಿ, ಏಳ್ ಬೇ, ಮಾರಿ ತೊಳಕೋ" ಅಂದಿದ್ದಳು. ಈಗ ಅವ್ವ ಇಲ್ಲ, ಅವಳ ಜಾಗದಲ್ಲಿ ನಿಂತು ನಾನು ಹೇಳುತ್ತೇನೆ. ನೀನು ದೀಕ್ಷೆಯ ದಿನ ಕೂದಲು ಕೀಳುವುದಕ್ಕೆ ಹೆದರಿದ್ದೀಯ. ಸಣ್ಣವಳಿದ್ದಾಗ ಸಿಕ್ಕು ಬಿಡಿಸಿದರೂ ಓಣಿ ಕೂಡುವ ಹಾಗೆ ಅಳುತ್ತಿದ್ದವಳು ನೀನು. ಎರಡು ತಿಂಗಳಲ್ಲಿ ಮನಸ್ಸು ಗಟ್ಟಿಯಾಗುತ್ತದೆ.

ಬರೆಯಬೇಡ ಎಂದರೂ ಬರೆಯುತ್ತೇನೆ. ಆ ದೊಡ್ಡವು ಓಡುತ್ತವೆ. ಸಣ್ಣವು ಅಂಟಿಕೊಂಡೇ ಇರುತ್ತವೆ, ದೊಡ್ಡವು ಮಾತ್ರ ಸರಸರ ಓಡುತ್ತವೆ. ಓಡಿ ಎಲ್ಲಿಗೆ ಹೋಗುತ್ತವೆ, ನಾನಿಲ್ಲವೇ?

ಆದರೆ ತೋಟ ಸುಧಾರಿಸುತ್ತಿಲ್ಲ. ಇಷ್ಟು ಹೊತ್ತು ಹಾಕಿದರೂ ಹಿಟ್ಟು ಹೆಚ್ಚುತ್ತಲೇ ಇದೆ, ಎಲೆಯೆಲ್ಲ ಅಂಟಂಟು, ಮೇಲೆ ಕಪ್ಪು ಮಸಿ. ಇರುವೆಗಳ ಸಾಲು ಬೇರೆ. ವಿಚಿತ್ರವೆಂದರೆ ದಾಸವಾಳದ ಗಿಡ. ದಿನಾ ಡಬ್ಬಿಗಟ್ಟಲೆ ಹುಳ ಸುರಿದರೂ ಅದು ಮಿರಮಿರ ಮಿಂಚುತ್ತ ಮೈತುಂಬ ಹೂ ಬಿಟ್ಟಿದೆ. ಇವರು ಅದನ್ನು ನೋಡಿ, "ಮನಿಗೆ ಮಾರಿ, ಪರರಿಗೆ ಉಪಕಾರಿ ನೀ" ಎಂದು ಚುಚ್ಚಿದರು. ನಾನು ಎರಡು ದಿನ ಮಾತು ಬಿಟ್ಟೆ.

ನಿನ್ನ ಪುಣ್ಯದಲ್ಲಿ ನಮಗೂ ಒಂದು ಪಾಲು ಸಿಗಲಿ ಎಂದೇ ಇದನ್ನೆಲ್ಲ ಮಾಡುತ್ತಿದ್ದೇನೆ. ಧೈರ್ಯ ತಂದುಕೋ.

ರೂಪಾಲಿ

*

ನಿಪ್ಪಾಣಿ
19 ಸೆಪ್ಟೆಂಬರ್ 2024

ಅಕ್ಕಾ,

ದಶಲಕ್ಷಣ ಪರ್ವ ಮುಗಿಯಿತು. ಇಂದು ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ನಾನೂ ಬೆಳಗಿನಿಂದ ಕೈ ಮುಗಿದು ಹೇಳಿದ್ದೇನೆ. ನಿನಗೆ ಮಾತ್ರ ಹಾಗೆ ಬರೆಯಲಾರೆ. ನಾನು ತಿಳಿದೇ ಮಾಡುತ್ತಿದ್ದೇನೆ.

ಒಂದು ಮಾತು ನನಗೆ ಗೊತ್ತಿದೆ. ಹೇಳಿದರೆ ನನಗೆ ಪಾಪ, ಹೇಳದಿದ್ದರೆ ನಿನಗೆ ಕೇಡು. ಅತ್ತ ದರಿ, ಇತ್ತ ಪುಲಿ. ನಿನ್ನ ಪತ್ರ ಬಂದಾಗಿನಿಂದ ಊಟ ಸೇರುತ್ತಿಲ್ಲ. ಉಪವಾಸ ಹಿಡಿದಿದ್ದಾಳೆ ಎಂದು ಇಲ್ಲಿ ಎಲ್ಲರೂ ಹೊಗಳುತ್ತಾರೆ.

ನಿನಗೇ ಹೊಳೆದೀತು ಎಂದು ಇದನ್ನು ಬರೆಯುತ್ತೇನೆ. ಹಿತ್ತಲಿನ ಹೂವಿಗೆ ಜೇನುನೊಣದಂಥ ಒಂದು ನೊಣ ಬರುತ್ತದೆ. ಅದೇ ಹಳದಿ ಪಟ್ಟೆ, ಅದೇ ಗುಂಯ್ ಸದ್ದು. ಎಲ್ಲರೂ ಹೆದರಿ ಸರಿಯುತ್ತಾರೆ. ಅದಕ್ಕೆ ಕೊಂಡಿಯೇ ಇಲ್ಲ. ಎಲೆಯ ಹಾಗೆ ಕಾಣುವ ಮಿಡತೆ ಇದೆ, ಒಣಗಿದ ಅಂಚು, ಹುಳ ತಿಂದ ತೂತಿನ ಗುರುತು ಸಹಿತ. ಒಂದರಂತೆ ಕಂಡದ್ದೆಲ್ಲ ಅದೇ ಆಗಿರುವುದಿಲ್ಲ ಅಕ್ಕಾ. ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ.

ನನ್ನ ಭಯ ಕೂದಲಿನದಲ್ಲ.

ಸುಗಂಧಾ

*

ಮಂಗಸೂಳಿ
29 ಸೆಪ್ಟೆಂಬರ್ 2024

ಸುಗಂಧಾ,

ಯಾರವನು? ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಹೇಳಿದರೆ ಪಾಪ, ಊಟ ಸೇರುವುದಿಲ್ಲ, ಒಂದರಂತೆ ಕಂಡದ್ದು ಅದಲ್ಲ, ಇಷ್ಟೆಲ್ಲ ಸುತ್ತುಬಳಸು ಯಾತಕ್ಕೆ? ಕಾಲೇಜಿನಲ್ಲಿ ಯಾರಾದರೂ ಇದ್ದನೇ? ಇದ್ದರೆ ಆಗಲೇ ಬಾಯಿ ಬಿಡಬೇಕಿತ್ತು. ಈಗ ಊರ ತುಂಬ ನಿನ್ನ ಫೋಟೋದ ಬ್ಯಾನರು ಕಟ್ಟಿದ್ದಾರೆ. ಅಪ್ಪ ದಿನಾ ಅದರ ಕೆಳಗೆ ನಿಂತು ಒಮ್ಮೆ ನೋಡಿಯೇ ಮನೆಗೆ ಹೋಗುತ್ತಾರೆ. ಅವರ ಎದೆ ಒಡೆದುಹೋಗುತ್ತದೆ ಕಣೇ.

ಜೇನು, ಮಿಡತೆ ಎಂದು ಬರೆಯಲು ನಿನಗೆ ಪುರಸೊತ್ತಿದೆ. ಇಲ್ಲಿ ನನ್ನ ತೋಟ ಮುಳುಗುತ್ತಿದೆ. ಛಾಟಣಿ ಹತ್ತಿರ ಬಂತು. ಬಳ್ಳಿ ಕತ್ತರಿಸಿದ ಮೇಲೆ ಬರುವ ಹೊಸ ಚಿಗುರಿಗೆ ಹಿಟ್ಟು ಹತ್ತಿದರೆ ಈ ಸಲ ಗೊನೆ ನೋಡುವ ಹಾಗೇ ಇಲ್ಲ. ದೊಡ್ಡ ಹುಳ ಈಗ ಒಂದೂ ಉಳಿದಿಲ್ಲ, ಎಲ್ಲವನ್ನೂ ಆರಿಸಿ ಆರಿಸಿ ದಾಸವಾಳಕ್ಕೆ ಹಾಕಿದ್ದೇನೆ. ಆದರೂ ಸಣ್ಣವು ಸಾವಿರ ಇದ್ದದ್ದು ಲಕ್ಷವಾಗಿವೆ. ನಿನ್ನೆ ಇವರು ಊಟದ ತಾಟು ಸರಿಸಿ, "ನಿನ್ನ ನೇಮಾ ನೀ ಇಟಗೋ. ಛಾಟಣಿ ಆದ ಮರುದಿನಾ ನಾ ಹೊಡ್ಯಾಂವ" ಅಂದರು. ಕೆಂಪವ್ವನ ಮುಂದೆ ಕೂತು ಅತ್ತೆ. "ಹುಳಾ ಸಾಯಬಾರದಂತ ನೀವು ಸಾಯಾಕತ್ತೀರಲ್ರಿ ಬಾಯಾರ" ಅಂದಳು ಅವಳು.

ನಾನು ಯಾವ ಜೀವವನ್ನೂ ನೋಯಿಸಲಿಲ್ಲವಲ್ಲ, ನನ್ನ ಪುಣ್ಯವೆಲ್ಲ ಎಲ್ಲಿಗೆ ಹೋಯಿತು? ನಿನ್ನ ಗುಟ್ಟು, ನನ್ನ ತೋಟ, ಎರಡೂ ಸೇರಿ ತಲೆ ಒಡೆಯುತ್ತಿದೆ.

ರೂಪಾಲಿ

*

ನಿಪ್ಪಾಣಿ
4 ಅಕ್ಟೋಬರ್ 2024

ಅಕ್ಕಾ,

ಉಗಾರಕ್ಕೆ ಹೊರಟ ಶ್ರಾವಕರೊಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿದ ಕೂಡಲೇ ತೋಟಕ್ಕೆ ಹೋಗು.

ನೀನು ಆರಿಸಿ ಹೊರಗೆ ಹಾಕಿದ ದೊಡ್ಡ ಹುಳಗಳು ಹಿಟ್ಟು ತಿಗಣೆಯಲ್ಲ. ಒಂದು ಜಾತಿಯ ಗುಲಗಂಜಿ ಹುಳದ ಮರಿಗಳು ಅವು. ದೊಡ್ಡದಾದ ಮೇಲೆ ಕಪ್ಪು ಬೆನ್ನು, ಕೇಸರಿ ತಲೆ. ಅವುಗಳ ಊಟವೇ ಹಿಟ್ಟು ತಿಗಣೆ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ಬೇರೆ ಹುಳ ಬಂದರೆ ಕಚ್ಚಿ ಓಡಿಸುತ್ತವೆ. ಈ ಮರಿ ಅದೇ ಬಿಳಿ ಎಳೆ ಹೊದ್ದು ತಿಗಣೆಯ ಹಾಗೇ ಕಾಣುತ್ತ ನಡುವೆ ನುಗ್ಗಿ ತಿನ್ನುತ್ತದೆ. ಇರುವೆಯ ಕಣ್ಣಿಗೆ ಬೀಳುವುದಿಲ್ಲ. ನಿನ್ನ ಕಣ್ಣಿಗೂ ಬೀಳಲಿಲ್ಲ. ಔಷಧ ಹೊಡೆದಿದ್ದರೆ ಸಾಯುತ್ತಿದ್ದವು, ನೀನು ಜೋಪಾನವಾಗಿ ಹೊತ್ತು ದಾಸವಾಳಕ್ಕೆ ಬಿಟ್ಟೆ, ದಿನಾ ಊಟವನ್ನೂ ಕೊಂಡೊಯ್ದು ಕೊಟ್ಟೆ. ಅದಕ್ಕೇ ಆ ಗಿಡ ಹೂ ಬಿಟ್ಟಿದೆ.

ದಾಜಿಯವರ ಕೈ ಹಿಡಿ, ಪಂಪು ಎತ್ತಲು ಬಿಡಬೇಡ. ದಾಸವಾಳದಲ್ಲಿ ಓಡುವ ಬಿಳಿ ಹುಳಗಳನ್ನೆಲ್ಲ ತಂದು ಬಳ್ಳಿಗೆ ಬಿಡು. ಅವು ತಿನ್ನಲಿ.

ಇದು ನನಗೆ ಆಗಸ್ಟಿನಲ್ಲೇ ಗೊತ್ತಿತ್ತು. ಓಡುತ್ತವೆ ಎಂದು ನೀನು ಬರೆದಾಗಲೇ ಗೊತ್ತಾಯಿತು. ಆದರೆ ಒಂದು ಜೀವದಿಂದ ಇನ್ನೊಂದನ್ನು ಕೊಲ್ಲಿಸುವ ದಾರಿ ತೋರಿಸುವುದು ಪಾಪೋಪದೇಶ. ದೀಕ್ಷೆಗೆ ನಿಂತವಳು ಅದನ್ನು ನಾಲಿಗೆಯ ಮೇಲೆ ತರಬಾರದು. ಒಂದೂವರೆ ತಿಂಗಳು ನಾಲಿಗೆ ಕಚ್ಚಿಕೊಂಡೆ. ನಿನ್ನ ಕಣ್ಣೀರಿನ ಪತ್ರ ಬಂತು. ಅವು ತಿನ್ನಲಿ ಎಂದು ಈಗ ಬರೆದುಬಿಟ್ಟೆ, ಬರೆದು ನನಗೆ ಹಗುರವಾಯಿತು. ಪಶ್ಚಾತ್ತಾಪ ಬರಲಿಲ್ಲ. ಇಂಥ ಕೈಯಲ್ಲಿ ನಾನು ಹುಳು ನೋಯದಂತೆ ಸರಿಸುವ ನವಿಲುಗರಿಯ ಪಿಂಛಿ ಹಿಡಿಯಲೇ?

ಯಾರವನು ಎಂದು ನೀನು ಕೇಳಿದೆ. ಯಾರೂ ಇಲ್ಲ. ಹುಳ ಹುಳವನ್ನು ತಿನ್ನುವುದನ್ನು ನೋಡುತ್ತ ಇಡೀ ಬೆಳಗು ಕೂರಬಲ್ಲೆ, ಅದೇ ನನ್ನ ಗುಟ್ಟು. ನನಗೆ ಆ ಲೋಕವೇ ಬೇಕು ಅಕ್ಕಾ. ಬಿಡಲು ಬಂದವಳು ಹಿಡಿದುಕೊಂಡು ಕೂತಿದ್ದೇನೆ. ಆದರೆ ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ಮಾತಾಜಿಯವರ ಮುಂದೆ ಎರಡು ಸಲ ಬಾಯಿ ತೆರೆದು ಬೇರೆ ಏನೋ ಕೇಳಿ ಎದ್ದು ಬಂದೆ. ಕಡ್ಡಿ ಹುಳದ ಹಾಗೆ ಹೀಗೇ ಕೂತುಬಿಟ್ಟರೆ ನವೆಂಬರ್ ಹತ್ತು ಬಂದೇ ಬರುತ್ತದೆ. ಆಮೇಲೆ ಜೀವನಪೂರ್ತಿ ಸುಳ್ಳು. ಏನಾದರೂ ಮಾಡು. ನನ್ನ ಕೈಲಾಗುತ್ತಿಲ್ಲ.

ಸುಗಂಧಾ

*

ಮಂಗಸೂಳಿ
26 ಅಕ್ಟೋಬರ್ 2024

ಸುಗಂಧಾ,

ಉತ್ತರ ತಡವಾಯಿತು. ಮಾಡಿ ಮುಗಿಸಿದ ಮೇಲೇ ಬರೆಯಬೇಕು ಎಂದಿದ್ದೆ.

ನಿನ್ನ ಪತ್ರ ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಓದಿದೆ, ಹಿಟ್ಟಿನ ಕೈಯಲ್ಲೇ ಓಡಿದೆ. ಛಾಟಣಿ ಮುಗಿದಿತ್ತು, ಇವರು ಪಂಪಿಗೆ ಔಷಧ ಕಲಸುತ್ತಿದ್ದರು. ಪಂಪಿನ ಬೆಲ್ಟು ಹಿಡಿದು ಜಗ್ಗಿದೆ. "ಹುಚ್ಚ ಹಿಡೀತೇನ" ಅಂದರು. ಕರೆದುಕೊಂಡು ಹೋಗಿ ದಾಸವಾಳದ ಎಲೆ ತಿರುವಿ ತೋರಿಸಿದೆ. ಒಂದು ಬಿಳಿ ಹುಳ ಇನ್ನೊಂದನ್ನು ಹಿಡಿದು ಜಗಿಯುತ್ತಿತ್ತು. ಪಕ್ಕದಲ್ಲೇ ಕೇಸರಿ ತಲೆಯ ಕಪ್ಪು ಹುಳ. ಇವರು ಬಹಳ ಹೊತ್ತು ನೋಡಿ ಪಂಪು ಕೆಳಗಿಟ್ಟರು. ಅಂದಿನಿಂದ ನಾವು ಮೂವರೂ ಹುಳ ವಾಪಸು ತರುವ ಕೆಲಸದಲ್ಲಿದ್ದೇವೆ. ಚಿಗುರು ಈಗ ಹಸಿರಾಗಿ ಬರುತ್ತಿದೆ. ನನಗೆ ಪಾಪವೂ ಅನ್ನಿಸಿತು, ಸಮಾಧಾನವೂ ಆಯಿತು. ನಿನ್ನ ಪಾಪದಲ್ಲಿ ಅರ್ಧ ನನಗಿರಲಿ.

ಆಮೇಲೆ ನಿನ್ನ ಹಳೆಯ ಪತ್ರಗಳನ್ನು ತೆಗೆದು ಓದಿದೆ. ಇದು ನನಗೆ ಬೇಡ ಎಂದು ನೀನು ಆಗಸ್ಟಿನಲ್ಲೇ ಅಷ್ಟು ಸ್ಪಷ್ಟವಾಗಿ ಬರೆದಿದ್ದೀಯ. ನಾನು ನಕ್ಕೆ. ಥೂ ನನ್ನ ಬುದ್ಧಿಗೆ.

ಮೊನ್ನೆ ಉಗಾರ ಬುದ್ರುಕಕ್ಕೆ ಹೋಗಿದ್ದೆ. ಅಪ್ಪ ಪಡಸಾಲೆಯಲ್ಲಿ ಮೆರವಣಿಗೆಯ ಮಾತಾಡುತ್ತಿದ್ದರು, ಹಿರಿಯರು ನಾಲ್ಕು ಮಂದಿ ಕೂತಿದ್ದರು. ಎಲ್ಲರ ಮುಂದೆಯೇ ಹೇಳಿದೆ. "ಅವ್ವನ ಜಾಗಾದಾಗ ನಿಂತು ಒಪ್ಪಿಗಿ ಕೊಡಾಕಿ ನಾನು. ನಾ ಕೊಡೂದಿಲ್ರಿ." ಅಪ್ಪ ತಮಾಷೆ ಎಂದುಕೊಂಡರು. ಯಾಕೆ ಎಂದು ಕೇಳಿದರು. ನಿನ್ನ ಹೆಸರು ಎತ್ತಲಿಲ್ಲ. "ನಂಗ ತಂಗಿ ಬೇಕ್ರಿ. ತೋಟಾ ನೋಡಾಕ ಜನಾ ಇಲ್ಲ" ಎಂದೆ. ಅಪ್ಪ ಎದ್ದು ನಿಂತರು. "ಆಕಿ ಪುಣ್ಯಾ ನೋಡಿ ನಿಂಗ ಹೊಟ್ಟಿಕಿಚ್ಚ. ಸ್ವಂತ ತಂಗಿ ಮೋಕ್ಷಕ್ಕ ಅಡ್ಡ ಬರ್ತೀ? ನನ್ನ ಹೊಸ್ತಿಲಾ ತುಳೀಬ್ಯಾಡ" ಅಂದರು. ನಾನು ತಲೆ ತಗ್ಗಿಸಿ ಬಂದೆ. ದಾರಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ, ಮನೆಗೆ ಬಂದು ನಿದ್ದೆ ಮಾಡಿದೆ.

ಇನ್ನು ನೀನು ಏನೂ ಹೇಳಬೇಕಿಲ್ಲ. ಬುಧವಾರ ನಿಪ್ಪಾಣಿಗೆ ಬಂದು ಮಾತಾಜಿಯವರ ಮುಂದೆಯೂ ಇದನ್ನೇ ಹೇಳುತ್ತೇನೆ. ಮನೆಯವರ ಒಪ್ಪಿಗೆ ಇಲ್ಲದೆ ಅವರು ದೀಕ್ಷೆ ಕೊಡುವುದಿಲ್ಲ. ನೀನು ನನ್ನ ಮೇಲೆ ಸಿಟ್ಟಾದವಳಂತೆ ಮುಖ ತಿರುಗಿಸು. ಅಕ್ಕ ಬಿಡಲಿಲ್ಲ ಎಂದು ಎಲ್ಲರಿಗೂ ಹೇಳು. ಊರು ನನ್ನನ್ನು ಬೈಯಲಿ. ವೈರಿಯ ಹಾಗೆ ಕಾಣುವುದು ಆ ಹುಳಕ್ಕೆ ಆಗುತ್ತದೆ ಎಂದರೆ ನನಗೆ ಆಗುವುದಿಲ್ಲವೇ? ನಾನು ಗಟ್ಟಿ ಚರ್ಮದವಳು.

ರೂಪಾಲಿ

*

ಉಗಾರ ಬುದ್ರುಕ
24 ನವೆಂಬರ್ 2024, ಭಾನುವಾರ

ಅಕ್ಕಾ,

ನೀನು ಹೇಳಿದ ಹಾಗೇ ಮಾಡಿದೆ. ನಿಪ್ಪಾಣಿಯಲ್ಲಿ ನಿನ್ನ ಎದುರು ಮುಖ ತಿರುಗಿಸಿದೆ. ಆಗ ನಿನ್ನ ಗಲ್ಲ ಅದುರಿದ್ದನ್ನು ನೋಡಿದೆ. ನೀನು ಹೊರಗೆ ಹೋದ ಮೇಲೆ ಮಾತಾಜಿ ನನ್ನನ್ನು ಹತ್ತಿರ ಕರೆದು, "ಅಕ್ಕಗ ಇಷ್ಟ ದೊಡ್ಡ ಭಾರ ಹೊರಿಸಿದಿ, ಎಷ್ಟ ದಿನಾ ಹೊರಾಕಿ ಆಕಿ?" ಎಂದಷ್ಟೇ ಕೇಳಿದರು. ಅವರಿಗೆ ಎಲ್ಲ ಗೊತ್ತಿತ್ತು. ನಾನು ಅವರ ಪಾದದ ಮುಂದೆ ಅತ್ತು ಬಂದೆ.

ಮನೆಗೆ ಬಂದು ಮೂರು ವಾರದ ಮೇಲಾಯಿತು. ಅಪ್ಪ ಗೋಡೆಯಿಂದ ನಿನ್ನ ಮದುವೆಯ ಫೋಟೋ ತೆಗೆದು ಅಟ್ಟಕ್ಕೆ ಹಾಕಿದ್ದಾರೆ. ಮನೆಗೆ ಬಂದವರೆಲ್ಲ ನನ್ನ ತಲೆ ಸವರಿ, "ಅಂಥಾ ಅಕ್ಕ ಇದ್ರೇನು, ಬಿಟ್ರೇನು" ಎನ್ನುತ್ತಾರೆ. ಅಪ್ಪ ನನಗೆ ಬಾಳೆಹಣ್ಣು ಸುಲಿದು ಕೊಡುತ್ತಾರೆ, ಪಾಪ ನನ್ನ ಮಗಳು ಎನ್ನುತ್ತಾರೆ. ನಿಪ್ಪಾಣಿಯಲ್ಲಿ ಒಬ್ಬಳೇ ಸುಳ್ಳಾಗಿ ಕೂತಿದ್ದೆ, ಇಲ್ಲಿ ನಿನ್ನನ್ನೂ ಸುಳ್ಳು ಮಾಡಿ ಕೂತಿದ್ದೇನೆ. ಇದು ಅದಕ್ಕಿಂತ ಕೆಟ್ಟದ್ದು. ಹುಳಕ್ಕೆ ಬೇರೆ ದಾರಿ ಇಲ್ಲ, ನನಗೆ ಬಾಯಿತ್ತು.

ಇವತ್ತು ಬೆಳಿಗ್ಗೆ ಹೇಳಿಬಿಟ್ಟೆ. ಬಸದಿಯಿಂದ ಬಂದು ಟೊಪ್ಪಿಗೆ ತೆಗೆಯುತ್ತಿದ್ದರು. "ಅಕ್ಕ ಅಡ್ಡ ಬರಲಿಲ್ರಿ ಅಪ್ಪಾ. ನಂಗ ಬ್ಯಾಡಾಗಿತ್ತು. ನಾ ಹೇಳಾಕ ಅಂಜಿದೆ, ಆಕಿ ಬೈಸಿಗೊಂಡ್ಲು" ಎಂದೆ. ನಿನ್ನ ಪತ್ರಗಳನ್ನು ಮುಂದಿಟ್ಟೆ. ಅವರು ಓದಲಿಲ್ಲ. ಕಂಬಕ್ಕೆ ಒರಗಿ ಕೂತರು. ನನ್ನನ್ನು ಬೈಯಲಿಲ್ಲ. ಆಮೇಲೆ ಅಟ್ಟ ಹತ್ತಿ ಫೋಟೋ ಇಳಿಸಿದರು, ಧೋತರದ ಚುಂಗಿನಿಂದ ಧೂಳು ಒರೆಸಿದರು. ಒರೆಸುತ್ತ ಒರೆಸುತ್ತ ಕೇಳಿದರು, "ಮಂಗಸೂಳಿ ಬಸ್ ಎಷ್ಟಕ್ಕೈತಿ?"

ಅವರು ಟೊಪ್ಪಿಗೆ ಹಾಕಿಕೊಳ್ಳುವಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ನೀವೇ ಕೊಡ್ರಿ ಎಂದು ಅವರ ಕೈಯಲ್ಲೇ ಕಳಿಸುತ್ತೇನೆ. ಅವರಿಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ, ಬಾಗಿಲಲ್ಲಿ ನಿಂತು ಮಳೆಯದೋ ಕಬ್ಬಿನದೋ ಮಾತು ತೆಗೆಯುತ್ತಾರೆ. ನೀನು ಇದನ್ನು ಓದುವಾಗಲೂ ನಿನ್ನ ಹೊಸ್ತಿಲ ಆಚೆಗೇ ನಿಂತಿರಬೇಕು.

ಪತ್ರ ಮಡಿಚಿಡು ಅಕ್ಕಾ. ಮೊದಲು ಅಪ್ಪನನ್ನು ಒಳಗೆ ಕರಿ.

ಸುಗಂಧಾ